ಬೇನೆಗೂ ಒಂದು ಚರಿತ್ರೆ

ನಮ್ಮ ಚರಿತ್ರೆಯಲ್ಲಿ ಗಾಯಗಳಿಗೆ ಕೊರತೆಯಿಲ್ಲ. ಊರೂರಿನ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಮೇಲೇರುವ ವೀರ, ಎಲ್ಲಕ್ಕೂ ಮೇಲೆ ಶಿವಲಿಂಗದ ಸನ್ನಿಧಿ. ಸತ್ತವನ ಕಥೆ ಮೂರು ಮೆಟ್ಟಿಲಲ್ಲಿ ಮುಗಿಯುತ್ತದೆ. ಅದೇ ತುರುಗಾಳಗದಲ್ಲಿ ಮೊಣಕಾಲಿಗೆ ಏಟು ತಿಂದು, ಸಾಯದೆ ಉಳಿದು, ಆಮೇಲೆ ಮೂವತ್ತು ವರ್ಷ ಕುಂಟುತ್ತ ಹೊಲಕ್ಕೆ ಹೋಗಿಬಂದವನೊಬ್ಬ ಇದ್ದಿರಲೇಬೇಕು. ಅವನಿಗೆ ಕಲ್ಲು ನೆಟ್ಟವರಿಲ್ಲ. ಸಾಯಿಸದ, ಆದರೆ ಬಿಟ್ಟೂ ಹೋಗದ ನೋವಿಗೆ ಚರಿತ್ರೆಕಾರರ ಬಳಿ ಅಧ್ಯಾಯವಿಲ್ಲ. ಶ್ರೋತೃಗಳೆ, ಇಂದು ನಾನು ಮಾತನಾಡಹೊರಟಿರುವುದು ಆ ನೋವನ್ನು ಕುರಿತು. ಅದೂ ನಾನು ಹುಟ್ಟಿ ಬೆಳೆದು ಪಾಠ ಹೇಳಿದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿ ಅದರ ಜಾಡನ್ನು ಹುಡುಕಿಕೊಂಡು.

ನಾನು ವೈದ್ಯನಲ್ಲ, ಕನ್ನಡ ಎಂ.ಎ. ಮಾಡಿದ ಮೇಷ್ಟ್ರು. ಆದರೂ ಈ ವಿಷಯದಲ್ಲಿ ನನಗೊಂದು ಹಕ್ಕುಂಟು. ಇಪ್ಪತ್ತೆರಡು ವರ್ಷಗಳಿಂದ ನನ್ನ ಬೆನ್ನಿನ ಕೆಳಭಾಗದಲ್ಲಿ ಒಂದು ಬೇನೆ ಬಾಡಿಗೆ ಕೊಡದ ಒಕ್ಕಲಿನಂತೆ ಕುಳಿತಿದೆ. ಮೂರು ತಿಂಗಳಿಗೂ ಮೀರಿ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಕರೆಯುತ್ತಾರೆ. ಮೊದಲ ಗಾಯ ಮಾಯ್ದಮೇಲೂ ನರಗಳು ಕೂಗುವುದನ್ನು ನಿಲ್ಲಿಸದೆ ಹೋಗಬಹುದು. ಆಗ ನೋವು ಇನ್ನೊಂದು ರೋಗದ ಸೂಚನೆಯಾಗಿರದೆ ತಾನೇ ಒಂದು ರೋಗವಾಗುತ್ತದೆ. ಈ ತಿಳಿವಳಿಕೆ ಬಹಳ ಹಳೆಯದಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ದೀರ್ಘಕಾಲದ ನೋವಿಗೆ ತನ್ನದೇ ಆದ ಸ್ಥಾನ ದೊರೆಯಿತು. ಅಲ್ಲಿಯವರೆಗೆ ಅದು ಬೇರೆ ಕಾಯಿಲೆಗಳ ಮನೆಯಲ್ಲಿ ಬಂದುಹೋಗುವ ನೆಂಟನಾಗಿತ್ತು.

ಪಟ್ಟಿಗೆ ಸೇರುವುದು ತಡವಾದರೂ ನಮ್ಮ ಜನದ ನುಡಿಯಲ್ಲಿ ಅದಕ್ಕೆ ಎಂದಿನಿಂದಲೋ ಜಾಗವಿದೆ. ಗ್ರಂಥದ ಕನ್ನಡದಲ್ಲಿ ನೋವು ಮತ್ತು ಬೇನೆ ಹೆಚ್ಚುಕಡಿಮೆ ಒಂದೇ. ನಮ್ಮ ಸೀಮೆಯವರ ಕಿವಿಗೆ ಹಾಗಲ್ಲ. ನೋವು ಬಡಿದಾಗ ಆಗುವಂಥದು. ‘ಬ್ಯಾನಿ’ ಬಂದು ನಿಲ್ಲುವಂಥದು. ಟೊಂಕ ಹಿಡಿಯುತ್ತದೆ, ಕಾಲು ಜಗ್ಗುತ್ತದೆ, ತಲೆ ಸಿಡಿಯುತ್ತದೆ, ಕೈ ಜೋಮು ಹಿಡಿಯುತ್ತದೆ, ಕೀಲು ಹರಿಯುತ್ತದೆ, ಹಳೆಯ ಹುಣ್ಣು ಮಿಡಿಯುತ್ತದೆ. ಒಂದೊಂದು ಅಂಗಕ್ಕೆ ಒಂದೊಂದು ಕ್ರಿಯಾಪದ. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಈ ವಾಕ್ಯಗಳಲ್ಲಿ ನೋಯುವ ಮನುಷ್ಯ ಕರ್ತೃವಲ್ಲ, ಅಂಗವೇ ಕರ್ತೃ. ‘ನಾನು ನೋಯುತ್ತೇನೆ’ ಎಂದು ಸೇಡಂ ಸಂತೆಯಲ್ಲಿ ಯಾರೂ ಹೇಳಲಾರರು. ‘ಟೊಂಕ ನೋಯ್ಲಾಕತ್ತದ’ ಎನ್ನುತ್ತಾರೆ. ತನ್ನನ್ನು ತನ್ನ ಬೇನೆಯಿಂದ ಒಂದು ಗೇಣು ದೂರದಲ್ಲಿ ಇರಿಸಿಕೊಳ್ಳುವ ಈ ವ್ಯಾಕರಣ ಎಷ್ಟು ದೊಡ್ಡ ಉಪಕಾರವೆಂಬುದು ಬೇನೆಯುಳ್ಳವರಿಗೆ ಗೊತ್ತು.

ಈಗ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಬನ್ನಿ. ಭೀಮಾ ತೀರದ ಈ ಊರು ಚಂದ್ರಲಾಂಬೆಯ ಗುಡಿಯಿಂದ ಹೆಸರಾದದ್ದು. 1980ರ ದಶಕದಲ್ಲಿ ಅಲ್ಲಿನ ಕಾಳಿಕಾ ಗುಡಿ ಕುಸಿದು, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು ಅದರಲ್ಲಿವೆ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿದ್ದನ್ನು ಅಶೋಕನು ಹೇಳಿಕೊಂಡ ಎರಡನೆಯ ಶಾಸನ ಇಲ್ಲಿ ಸಿಕ್ಕಿಲ್ಲ. ಸಿಕ್ಕಿದ್ದರೆ ನನ್ನ ಈ ಭಾಷಣಕ್ಕೆ ಎಷ್ಟು ಅನುಕೂಲವಾಗುತ್ತಿತ್ತು! ಆದರೆ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಒಂದು ಮಹಾಸ್ತೂಪವೇ ಎದ್ದಿತು, ಅದರೊಡನೆ ಅಶೋಕನ ಹೆಸರನ್ನು ಕೊರೆದ ಶಿಲ್ಪ, ಬುದ್ಧನ ಬಾಳಿನ ಕಥೆ ಹೇಳುವ ಫಲಕಗಳು. ಆ ಫಲಕಗಳೆಲ್ಲ ನಮ್ಮದೇ ಸುಣ್ಣಕಲ್ಲಿನವು.

ಬುದ್ಧನು ಹೇಳಿದ ದುಃಖವನ್ನು ನಾವು ತತ್ತ್ವಶಾಸ್ತ್ರವಾಗಿ ಓದುತ್ತೇವೆ. ಅವನಿಗೆ ಬೆನ್ನುನೋವಿತ್ತು ಎಂಬುದನ್ನು ಓದಿದವರು ಕಡಿಮೆ. ಪಾಲಿ ಸುತ್ತಗಳಲ್ಲಿ ಅದು ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ. ಕಪಿಲವಸ್ತುವಿನಲ್ಲಿ ಶಾಕ್ಯರ ಹೊಸ ಸಭಾಮಂದಿರದಲ್ಲಿ ಇರುಳು ಬಹುಹೊತ್ತು ಮಾತನಾಡಿದ ಬುದ್ಧನು ತನ್ನ ಬೆನ್ನು ನೋಯುತ್ತಿದೆಯೆಂದು ಹೇಳಿ, ಮುಂದಿನ ಬೋಧೆಯನ್ನು ಆನಂದನಿಗೆ ಒಪ್ಪಿಸಿ, ಬಟ್ಟೆಯನ್ನು ಮಡಿಸಿ ಹಾಸಿ ಬಲಮಗ್ಗುಲಾಗಿ ಮಲಗುತ್ತಾನೆ. ಪಾವಾ ಎಂಬ ಊರಿನಲ್ಲಿ ಇದೇ ಕೆಲಸವನ್ನು ಸಾರಿಪುತ್ತನಿಗೆ ವಹಿಸುತ್ತಾನೆ. ಈ ಪ್ರಸಂಗವನ್ನು ಮೊದಲು ಓದಿದ ದಿನ ನನಗಾದ ಸಮಾಧಾನವನ್ನು ಯಾವ ಗುಳಿಗೆಯೂ ಕೊಟ್ಟಿರಲಿಲ್ಲ. ಬೋಧಿವೃಕ್ಷದ ಕೆಳಗೆ ಕುಳಿತವನಿಗೂ ನಡು ಚಾಚಬೇಕೆನಿಸಿತು. ಅವನು ಅದನ್ನು ಮುಚ್ಚಿಡಲಿಲ್ಲ. ಸಭೆಯನ್ನು ನಿಲ್ಲಿಸಲೂ ಇಲ್ಲ. ಕೆಲಸವನ್ನು ಇನ್ನೊಬ್ಬರ ಕೈಗಿತ್ತು ಅಲ್ಲೇ ಮಲಗಿ ಕೇಳಿದ. ಸಂಯುಕ್ತನಿಕಾಯದಲ್ಲಿ ಎರಡು ಬಾಣಗಳ ದೃಷ್ಟಾಂತವೊಂದಿದೆ. ಮೈಗೆ ತಾಗುವ ಬಾಣ ಒಂದು. ಅದಕ್ಕಾಗಿ ಕೊರಗಿ, ಎದೆ ಬಡಿದುಕೊಂಡು ಮನಸ್ಸಿಗೆ ತಾನೇ ಹೊಡೆದುಕೊಳ್ಳುವ ಬಾಣ ಇನ್ನೊಂದು. ತಿಳಿದವನಿಗೆ ತಗಲುವುದು ಮೊದಲನೆಯದು ಮಾತ್ರವಂತೆ. ಇಂದಿನ ನೋವುಚಿಕಿತ್ಸಾಲಯಗಳಲ್ಲಿ ಮನಶ್ಶಾಸ್ತ್ರಜ್ಞರು ಹೇಳಿಕೊಡುವುದರಲ್ಲಿ ಅರ್ಧಭಾಗ ಇದೇ.

ಕಾಗಿಣಾ ನದಿಯ ದಡದ ಮಳಖೇಡಕ್ಕೆ ಬಂದರೆ ನೋವಿನ ಮುಖವೇ ಬೇರೆ. ಸೇಡಂ ತಾಲ್ಲೂಕಿನ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನೆಂದರೆ ನಮಗೆ ಕವಿರಾಜಮಾರ್ಗ ನೆನಪಾಗುತ್ತದೆ. ಸಂಜಾನ ತಾಮ್ರಶಾಸನವು (ಕ್ರಿ.ಶ. 871) ಇನ್ನೊಂದು ಸಂಗತಿ ಹೇಳುತ್ತದೆ: ಪ್ರಜೆಗಳ ಮೇಲೆ ಬಂದ ವಿಪತ್ತನ್ನು ನೀಗಿಸಲು ಈ ದೊರೆ ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ಒಂದು ಕ್ಷಣದ ಈ ನೋವು ತಾಮ್ರಪಟಕ್ಕೆ ಏರಿತು. ಅರುವತ್ತಕ್ಕೂ ಹೆಚ್ಚು ವರ್ಷ ಆಳಿದ ಆ ದೊರೆಯ ಮುಪ್ಪಿನ ಕೀಲುಗಳು ಹೇಗಿದ್ದವೋ ಯಾವ ಶಾಸನಕವಿಯೂ ಬರೆಯಲಿಲ್ಲ.

ಆದರೆ ಮಾನ್ಯಖೇಟದ ಸುತ್ತ ಬೆಳೆದ ಜೈನಧರ್ಮ ದಿನದಿನದ ಬೇನೆಯನ್ನು ಮರೆತಿರಲಿಲ್ಲ. ಮುನಿಗಳು ಸಹಿಸಬೇಕಾದ ಪರೀಷಹಗಳು ಇಪ್ಪತ್ತೆರಡು. ರೋಗ ಅವುಗಳಲ್ಲೊಂದು, ಅದು ಸರಿಯೇ. ಚರ್ಯಾ, ನಿಷದ್ಯಾ, ಶಯ್ಯಾ ಎಂಬ ಮೂರೂ ಆ ಪಟ್ಟಿಯಲ್ಲಿವೆ: ನಡೆಯುವುದು, ಕೂರುವುದು, ಮಲಗುವುದು. ತರಗತಿಯಲ್ಲಿ ಇವನ್ನು ಹೇಳುವಾಗ ಹುಡುಗರು ನಗುತ್ತಿದ್ದರು, ಕೂರುವುದೂ ಒಂದು ತಪಸ್ಸೇ ಎಂದು. ನನ್ನ ಬೆನ್ನು ನಗುತ್ತಿರಲಿಲ್ಲ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಸನತ್ಕುಮಾರ ಚಕ್ರವರ್ತಿಯದೂ ಒಂದು. ರೂಪಕ್ಕೆ ಲೋಕವೇ ಬೆರಗಾದ ಚಕ್ರವರ್ತಿ ಮುನಿಯಾಗಿ ದೀರ್ಘಕಾಲ ರೋಗಗಳನ್ನು ಹೊತ್ತ ಕಥೆಯದು. ನಮ್ಮ ವಿಮರ್ಶಕರು ಇದನ್ನು ವೈರಾಗ್ಯದ ಕಥೆಯೆಂದು ಓದುತ್ತಾರೆ. ಬೇನೆಯೊಡನೆ ಬಹುಕಾಲ ಸಂಸಾರ ಮಾಡುವವನ ಕಥೆಯಾಗಿಯೂ ಅದನ್ನು ಓದಬಹುದೆಂದು ನನ್ನ ಅಭಿಪ್ರಾಯ.

ಸಹನೆಯ ಜೊತೆಗೆ ಮದ್ದೂ ಇತ್ತು. ಉಗ್ರಾದಿತ್ಯನ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥ ಮದ್ಯ, ಮಾಂಸ, ಜೇನುಗಳನ್ನು ಬಿಟ್ಟು ಚಿಕಿತ್ಸೆ ಹೇಳುತ್ತದೆ, ಮಾಂಸಭಕ್ಷಣೆಯನ್ನು ಖಂಡಿಸಿ ನೃಪತುಂಗನ ಸಭೆಯಲ್ಲಿ ವಾದ ಹೂಡಿದ ವಿಷಯವೂ ಅದರ ಕೊನೆಯಲ್ಲಿದೆ. ಆಯುರ್ವೇದದಲ್ಲಿ ನೋವೆಲ್ಲಕ್ಕೂ ಮೂಲ ವಾತ. ಇಂದಿಗೂ ನಮ್ಮ ಹಳ್ಳಿಯ ಮುದುಕಿ ‘ಟೊಂಕಿನಾಗ ವಾಯು ಹೊಕ್ಕದ’ ಎಂದರೆ ಅವಳ ಬಾಯಲ್ಲಿ ಮಾತಾಡುವುದು ಸಾವಿರ ವರ್ಷ ಮೀರಿದ ಶಾಸ್ತ್ರ. ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ವಿಷಯಾಂತರವಾದರೂ ಸರಿ. ಕನ್ನಡದಲ್ಲಿ ನಮಗೆ ತಿಳಿದಿರುವ ಹಳೆಯ ವೈದ್ಯಗ್ರಂಥಗಳಲ್ಲೊಂದಾದ ಕೀರ್ತಿವರ್ಮನ ‘ಗೋವೈದ್ಯ’ ದನಕರುಗಳ ಕಾಯಿಲೆಯನ್ನು ಕುರಿತದ್ದು. ಬಾಯಿಲ್ಲದ ಪ್ರಾಣಿಗೆ ನೋಯುತ್ತಿದೆಯೆಂದು ತಿಳಿಯಲು ಅದರ ಪಕ್ಕ ಕುಳಿತು ನೋಡುತ್ತಿರಬೇಕು. ಬಾಯುಳ್ಳ ಮನುಷ್ಯನ ವಿಷಯದಲ್ಲಿ ನಮಗೆ ಅಷ್ಟು ವ್ಯವಧಾನವಿಲ್ಲ.

ನಡುವಣ ಶತಮಾನಗಳನ್ನು ಬಿಟ್ಟು ಒಮ್ಮೆಲೇ ನಿಜಾಮನ ಕಾಲಕ್ಕೆ ಬರುತ್ತೇನೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರುಗಳನ್ನು ಹಾದುಹೋಗುವ ಈ ಹಳಿ ನಮ್ಮನ್ನು ಹೈದರಾಬಾದಿಗೆ ಕಟ್ಟಿತು. ಆ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ನೋವಿನ ಚರಿತ್ರೆಯ ದೊಡ್ಡ ಘಟನೆಯೊಂದು ನಡೆಯಿತು. ಶಸ್ತ್ರಚಿಕಿತ್ಸೆಗೆ ಕ್ಲೋರೋಫಾರಂ ಕೊಟ್ಟಾಗ ಕೆಲವರು ಸಾಯುತ್ತಿದ್ದರು. ಅದು ಉಸಿರನ್ನು ನಿಲ್ಲಿಸಿ ಕೊಲ್ಲುತ್ತದೆಯೋ ಹೃದಯವನ್ನು ನಿಲ್ಲಿಸಿಯೋ ಎಂಬ ಜಗಳ ಯುರೋಪಿನಲ್ಲಿತ್ತು. ರೆಸಿಡೆನ್ಸಿಯ ವೈದ್ಯ ಎಡ್ವರ್ಡ್ ಲಾರಿ ಉಸಿರಿನ ಪಕ್ಷ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಹಣ ಕೊಟ್ಟು ಆಯೋಗ ನೇಮಿಸಿದರು. ಎರಡನೆಯ ಆಯೋಗಕ್ಕೆ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಬಂದ. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದು ಲಾರಿಯ ಮಾತೇ ಗೆದ್ದಿತು. ಗೆದ್ದ ಮಾತು ಸುಳ್ಳೆಂದು ಮುಂದೆ ತೀರ್ಮಾನವಾಯಿತೆಂಬುದು ಬೇರೆ ಮಾತು. ಆ ಕಾಲದಲ್ಲೇ ಹೈದರಾಬಾದಿನಲ್ಲಿ ಕ್ಲೋರೋಫಾರಂ ಕೊಡುವುದನ್ನು ಕಲಿತ ರೂಪಾಬಾಯಿ ಫರ್ದೂನ್‌ಜಿ ಅವರನ್ನು ಅರಿವಳಿಕೆ ಕೊಟ್ಟ ಮೊದಲ ಮಹಿಳಾ ವೈದ್ಯರಲ್ಲಿ ಎಣಿಸುತ್ತಾರೆ.

ಕತ್ತಿಯ ನೋವಿಗೆ ರಾಜ್ಯ ಕೊಟ್ಟ ಗಮನ ಇದು. ಅದೇ ವರ್ಷಗಳಲ್ಲಿ ಅದೇ ರಾಜ್ಯದ ಶಹಾಬಾದಿನಲ್ಲಿ ಕಲ್ಲು ಕೀಳುವವರ ಟೊಂಕಕ್ಕೆ ಆಯೋಗ ಕೂರಲಿಲ್ಲ.

ಶಹಾಬಾದಿನ ಕಲ್ಲನ್ನು ಕಾಣದ ಮನೆ ದಕ್ಷಿಣ ಭಾರತದಲ್ಲಿ ಕಡಿಮೆ. ಭೂವಿಜ್ಞಾನಿಗಳು ಭೀಮಾ ಜಲಾನಯನದ ಸುಣ್ಣಕಲ್ಲೆನ್ನುತ್ತಾರೆ. ನಾವು ಫರಸಿ ಎನ್ನುತ್ತೇವೆ. ಪದರಪದರವಾಗಿ ಮಲಗಿರುವುದೇ ಇದರ ಗುಣ. ಸಿಡಿಮದ್ದಿನ ಹಂಗಿಲ್ಲದೆ, ಹಾರೆಯ ಮೊನೆಯನ್ನು ಪದರಿನ ಸಂದಿಗೆ ಕೊಟ್ಟು ಮೀಟಿದರೆ ಹಾಳೆಯಂತೆ ಏಳುತ್ತದೆ. ಕಲ್ಲಿಗೆ ಸುಲಭವಾದದ್ದು ಮನುಷ್ಯನಿಗೆ ಸುಲಭವಲ್ಲ. ಮೀಟುವವನು ನಡು ಬಗ್ಗಿಸಿ ಇಡೀ ಭಾರವನ್ನು ಬೆನ್ನೆಲುಬಿನ ತಳಕ್ಕೆ ಹಾಕಬೇಕು. ಎದ್ದ ಹಾಸನ್ನು ಇಬ್ಬರು ಹಿಡಿದು ಎತ್ತುವಾಗ ಒಬ್ಬನ ಕೈ ಜಾರಿದರೆ ಇನ್ನೊಬ್ಬನ ನಡು ತಿರುಚುತ್ತದೆ. ಅಂಚು ಕಡಿಯುವವನು ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಉಳಿಯ ಮೇಲೆ ಸುತ್ತಿಗೆ ಬಡಿಯುತ್ತಾನೆ. ರೈಲು ಬಂದಮೇಲೆ ಈ ಕಲ್ಲಿಗೆ ದೂರದ ಗಿರಾಕಿ ಸಿಕ್ಕಿತು, ಕೆಲಸ ಬೆಳೆಯಿತು. ಆಮೇಲೆ ಅದೇ ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುವವರು ಬಂದರು. ಶಹಾಬಾದಿನ ಕಂಪನಿ 1936ರಲ್ಲಿ ಎ.ಸಿ.ಸಿ.ಯಲ್ಲಿ ಸೇರಿತು, 1968ರಲ್ಲಿ ವಾಡಿಯ ಕಾರ್ಖಾನೆ ಶುರುವಾಯಿತು, 1980ರ ದಶಕದಲ್ಲಿ ಸೇಡಂ, ಮಳಖೇಡಗಳಲ್ಲೂ ಚಿಮಣಿಗಳು ಎದ್ದವು.

ಕಾನೂನೂ ಬಂತು. 1923ರ ಕಾರ್ಮಿಕ ಪರಿಹಾರ ಕಾಯಿದೆಗೆ ಅಂಟಿಸಿದ ಪಟ್ಟಿಯನ್ನು ನಾನು ಆಸಕ್ತಿಯಿಂದ ಓದಿದ್ದೇನೆ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ 14. ನೃಪತುಂಗನ ಬೆರಳಿಗೂ ಈ ಪಟ್ಟಿಯಲ್ಲಿ ಒಂದು ದರ ಸಿಗುತ್ತಿತ್ತು. ಇಪ್ಪತ್ತೈದು ವರ್ಷ ಹಾರೆ ಮೀಟಿ, ಬೆರಳೆಲ್ಲ ನೆಟ್ಟಗಿದ್ದು, ಬೆಳಿಗ್ಗೆ ಹಾಸಿಗೆಯಿಂದ ಏಳಲು ಅರ್ಧ ಗಂಟೆ ಬೇಕಾಗುವವನ ನಷ್ಟ ಎಷ್ಟು? ಆ ಪಟ್ಟಿಯಲ್ಲಿ ಅದಕ್ಕೆ ಸಾಲಿಲ್ಲ. ಕಾಣುವ ನಷ್ಟಕ್ಕೆ ಅಂಕಿಯುಂಟು. ಕಾಣದ್ದಕ್ಕೆ ಸಾಕ್ಷಿ ತರಬೇಕು.

ಸಾಕ್ಷಿಯ ಮಾತು ಬಂದಿತು. ದೀರ್ಘಕಾಲದ ಬೇನೆಯಲ್ಲಿ ಅತ್ಯಂತ ಕಠಿಣವಾದದ್ದು ಬೇನೆಯಲ್ಲ, ನಂಬಿಸುವುದು. ನನ್ನ ಬೇನೆಯ ಮೊದಲ ವರ್ಷಗಳಲ್ಲಿ ವೈದ್ಯರೊಬ್ಬರು ಎಕ್ಸರೇ ಹಾಳೆಯನ್ನು ಬೆಳಕಿಗೆ ಹಿಡಿದು, ಇಲ್ಲೇನೂ ಇಲ್ಲ, ಮೇಷ್ಟ್ರಿಗೆ ರಜೆ ಬೇಕಾಗಿರಬೇಕು ಎಂದು ನಕ್ಕರು. ಎಲುಬಿನ ಚಿತ್ರಕ್ಕೂ ನೋವಿನ ಪ್ರಮಾಣಕ್ಕೂ ಹೊಂದಿಕೆಯಿರಲೇಬೇಕೆಂದಿಲ್ಲ. ಚಿತ್ರ ಕೆಟ್ಟಿದ್ದು ನೋವಿಲ್ಲದವರೂ ಇದ್ದಾರೆ, ಚಿತ್ರ ಚೆನ್ನಾಗಿದ್ದು ನರಳುವವರೂ ಇದ್ದಾರೆ. ಇದು ಇಂದು ವೈದ್ಯರಿಗೆ ತಿಳಿದ ವಿಷಯ. ನೋವು ದೇಹದ ಅನುಭವವೂ ಹೌದು, ಮನಸ್ಸಿನದೂ ಹೌದು ಎಂದು ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘ 1979ರಲ್ಲೇ ವ್ಯಾಖ್ಯಾನಿಸಿತು. ಒಬ್ಬನು ನೋವಾಗುತ್ತಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂಬುದನ್ನು 2020ರ ಪರಿಷ್ಕರಣದಲ್ಲಿ ಸೇರಿಸಿದರು. ನೋಯದವರಿಗೆ ನೊಂದವರ ನೋವು ತಿಳಿಯದೆಂಬ ಅಕ್ಕಮಹಾದೇವಿಯ ಅಳಲಿಗೆ ಎಂಟು ಶತಮಾನಗಳ ಮೇಲೆ ಬಂದ ಉತ್ತರವೆಂದು ಬೇಕಾದರೆ ತಿಳಿಯಿರಿ.

ಗಂಡಸರ ಕಲ್ಲಿನ ಮಾತಾಯಿತು. ಹೆಂಗಸರ ಕಲ್ಲೊಂದಿತ್ತು, ಬೀಸುವ ಕಲ್ಲು. ನಸುಕಿನಲ್ಲಿ ಎದ್ದು ಜೋಳ ಬೀಸಿ, ಬಗ್ಗಿ ಕುಳಿತು ರೊಟ್ಟಿ ಬಡಿದು, ಹೊಲಕ್ಕೆ ಹೋಗಿ ತೊಗರಿ ಕೊಯ್ದು, ಸಂಜೆ ನೀರು ಹೊತ್ತ ಭುಜಗಳ ಚರಿತ್ರೆ ಬೀಸುವ ಪದಗಳಲ್ಲಿದೆ. ಜಾನಪದದವರು ಆ ಪದಗಳಲ್ಲಿ ತವರನ್ನೂ ಅಣ್ಣನನ್ನೂ ಹುಡುಕಿದರು. ನಾನು ಅದರ ಲಯವನ್ನು ನೋಡುತ್ತೇನೆ. ಇಬ್ಬರು ಎದುರುಬದುರು ಕುಳಿತು ಹಾಡಿನ ನಡೆಗೆ ಕೈ ಸಾಗಿಸಿದಾಗ ತೋಳಿನ ಬೇನೆ ಹಿಂದೆ ಸರಿಯುತ್ತದೆ. ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು 1965ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ. ತಿಕ್ಕುವಿಕೆ, ಒತ್ತಡ ಇವುಗಳ ಸುದ್ದಿಯೂ, ಮೇಲಿನಿಂದ ಮಿದುಳು ಕಳಿಸುವ ಅಪ್ಪಣೆಯೂ ಆ ಬಾಗಿಲನ್ನು ಅಷ್ಟಿಷ್ಟು ಮುಚ್ಚಬಲ್ಲವು. ಬಿದ್ದ ಮಗುವಿನ ಮೊಣಕಾಲನ್ನು ತಾಯಿ ತಿಕ್ಕುವುದೂ, ಬೀಸುತ್ತ ಹಾಡುವುದೂ ಆ ಬಾಗಿಲ ಬಳಿಯ ಕೆಲಸಗಳೇ ಇರಬೇಕು. ಗಿರಣಿ ಬಂದು ಬೀಸುವ ಕಷ್ಟ ತಪ್ಪಿತು, ಒಳ್ಳೆಯದಾಯಿತು. ಎದುರು ಕುಳಿತು ಹಾಡುವವಳೂ ಎದ್ದುಹೋದಳು.

ಮನೆಮದ್ದುಗಳ ಬಗ್ಗೆ ನನ್ನಲ್ಲಿ ಮೋಹವೂ ಇಲ್ಲ, ತಿರಸ್ಕಾರವೂ ಇಲ್ಲ. ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು, ಹುರಿದ ಉಪ್ಪಿನ ಗಂಟಿನ ಶಾಖ, ಎಣ್ಣೆ ತಿಕ್ಕುವುದು—ಇವು ಹಿತ ಕೊಡುತ್ತವೆ, ಕೆಡುಕು ಮಾಡುವುದಿಲ್ಲ. ಕಾಶೀನಾಥುನಿ ನಾಗೇಶ್ವರರಾಯರು 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನವನ್ನು ಸಂಗೀತ ಕಚೇರಿಗಳಲ್ಲಿ ಪುಕ್ಕಟೆ ಹಂಚಿ ಹೆಸರುಮಾಡಿದರಂತೆ. ವಾಡಿ ಜಂಕ್ಷನ್ನಿನ ಇರುಳಿನ ಗಾಡಿಗಳಲ್ಲಿ ಆ ವಾಸನೆ ಬರದ ಡಬ್ಬಿಯನ್ನು ನಾನು ಕಂಡಿಲ್ಲ. ಕಾಸಿದ ಕಬ್ಬಿಣದಿಂದ ಬರೆ ಹಾಕುವುದು ಮಾತ್ರ ಕ್ರೌರ್ಯ. ಹೆಸರಿಲ್ಲದ ಪುಡಿಗಳನ್ನು ಕೊಟ್ಟು ಮೂರೇ ದಿನಕ್ಕೆ ಬೇನೆ ಇಳಿಸುವವರ ವಿಷಯದಲ್ಲೂ ಎಚ್ಚರವಿರಲಿ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಅಂಗಡಿಯ ನೋವಿನ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಹಾಗಾದರೆ ದಿನ ಕಳೆಯುವುದು ಹೇಗೆ? 2020ರಲ್ಲಿ ಲೋಕದಲ್ಲಿ 61 ಕೋಟಿ 90 ಲಕ್ಷ ಜನರಿಗೆ ನಡುನೋವಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2023ರ ಡಿಸೆಂಬರಿನಲ್ಲಿ ಅದು ಹೊರಡಿಸಿದ ಮಾರ್ಗಸೂಚಿ ತಿಳಿವಳಿಕೆ, ವ್ಯಾಯಾಮ, ಮನಸ್ಸಿನ ಚಿಕಿತ್ಸೆಗಳನ್ನು ಮುಂದಿಡುತ್ತದೆ. ನಡುವಿಗೆ ಪಟ್ಟಿ ಬಿಗಿಯುವುದು, ಎಳೆತದ ಚಿಕಿತ್ಸೆ, ಅಫೀಮಿನ ಜಾತಿಯ ಔಷಧಗಳು ದಿನಬಳಕೆಗೆ ಬೇಡವೆನ್ನುತ್ತದೆ. ನಾನು ನನ್ನ ಅನುಭವದಿಂದ ಕಂಡುಕೊಂಡದ್ದು ಇಷ್ಟೆ. ಬೇನೆ ಕಡಿಮೆಯಿರುವ ದಿನ ಉಬ್ಬಿ ಮೂರು ದಿನದ ಕೆಲಸ ಮಾಡಿದರೆ, ಮುಂದಿನ ಮೂರು ದಿನ ಹಾಸಿಗೆ. ಆದ್ದರಿಂದ ಒಳ್ಳೆಯ ದಿನವೂ ಕೆಟ್ಟ ದಿನವೂ ಒಂದೇ ಅಳತೆಯ ಕೆಲಸ. ವಾಡಿಯಿಂದ ಸೇಡಮ್ಮಿಗೆ ಓಡಾಡುತ್ತಿದ್ದಾಗ ಚಿತ್ತಾಪುರದವರೆಗೆ ಕೂರುತ್ತಿದ್ದೆ, ಅಲ್ಲಿಂದ ಮಳಖೇಡ ರೋಡಿನವರೆಗೆ ನಿಲ್ಲುತ್ತಿದ್ದೆ, ಮತ್ತೆ ಕೂರುತ್ತಿದ್ದೆ. ಜಾಗ ಬಿಟ್ಟುಕೊಡುವ ಸಜ್ಜನನೆಂದು ಸಹಪ್ರಯಾಣಿಕರು ನನ್ನನ್ನು ಗೌರವಿಸುತ್ತಿದ್ದರು! ಪಾಠದ ನಡುವೆ ಮೇಜಿಗೆ ಒರಗುತ್ತಿದ್ದೆ. ಉತ್ತರಪತ್ರಿಕೆಗಳನ್ನು ಹತ್ತು ಹತ್ತರ ಕಟ್ಟು ಮಾಡಿ, ಕಟ್ಟಿಗೊಮ್ಮೆ ಎದ್ದು ಅಂಗಳದಲ್ಲಿ ಸುತ್ತು ಹಾಕುತ್ತಿದ್ದೆ. ನೋವು ಇಷ್ಟರಿಂದ ಹೋಗಲಿಲ್ಲ. ದಿನಗಳು ನನ್ನ ಕೈಗೆ ಬಂದವು.

ಆದರೆ ಎದ್ದು ಸುತ್ತು ಹಾಕುವುದೂ ಸಂಬಳವುಳ್ಳವನ ಸೌಕರ್ಯ. ಚಿಂಚೋಳಿಯ ಕಡೆ ಒಂದು ಹಳ್ಳಿಗೆ ಶಾಸನ ನೋಡಲು ಹೋದಾಗ, ತೊಗರಿ ಹೊಲದ ಬದುವಿನಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ನಾನು ನಡು ಹಿಡಿದುಕೊಂಡು ಏಳುವುದನ್ನು ಕಂಡು ಕೇಳಿದಳು: “ನಿಮಗೂ ಅದ ಏನ್ರಿ, ಅಪ್ಪಾ?” ಅದೆ ಎಂದೆ. “ಬ್ಯಾನಿ ಅಂದ್ರ ಮನ್ಯಾಗಿನ ಅತ್ತಿ ಇದ್ದಂಗ್ರಿ. ಹೊರಗ ಹಾಕ್ಲಾಕ ಆಗಲ್ಲ. ಒದರೋದು ಒದರ್ಲಿ ಅಂತ ನಮ್ಮ ಕೆಲಸ ನಾವು ಮಾಡ್ಕೋಬೇಕು,” ಎಂದಳು. ಮರುದಿನವೂ ಅವಳಿಗೆ ಕೂಲಿಯಿತ್ತು. ಕೂಲಿಗೆ ಹೋಗದಿದ್ದರೆ ಜೋಳವಿಲ್ಲ. ಸಮಾಳಿಸಿಕೊಂಡು ಕೆಲಸ ಮಾಡಿ ಎಂಬ ಮಾರ್ಗಸೂಚಿಯನ್ನು ಅವಳ ಮುಂದೆ ಓದುವ ಧೈರ್ಯ ನನಗಿಲ್ಲ. ಅದನ್ನು ಓದಿಸಬೇಕಾದದ್ದು ಅವಳಿಗೆ ಕೂಲಿ ಕೊಡುವವನಿಗೆ.

ಶಹಾಬಾದಿನಲ್ಲಿ ನನಗೆ ಬಹುಕಾಲದ ಪರಿಚಯದ ಕಲ್ಲುಕೆಲಸದವರೊಬ್ಬರಿದ್ದಾರೆ. ಗುತ್ತಿಗೆದಾರನ ಕಣ್ಣು ತಪ್ಪಿಸಿ ವಿಶ್ರಾಂತಿ ಪಡೆಯುವ ಉಪಾಯವೊಂದನ್ನು ಅವರು ಯೌವನದಲ್ಲೇ ಕಂಡುಕೊಂಡಿದ್ದರು. ಒಂದು ಹಾಸಿನ ಅಂಚು ಮುಗಿದೊಡನೆ ಮುಂದಿನದರ ಅಳತೆಗೆಂದು ಏಳುವುದು, ಅಳತೆಕೋಲನ್ನು ಬೇಕೆಂದೇ ಇಪ್ಪತ್ತು ಹೆಜ್ಜೆ ದೂರ ಇಟ್ಟಿರುವುದು. ಈಗ ಅವರ ಮಗ ಕೊರೆಯುವ ಯಂತ್ರ ಹಿಡಿದಿದ್ದಾನೆ. ಕುಕ್ಕರಗಾಲಿನಲ್ಲಿ ಕೂರುವ ಕಷ್ಟ ಅವನಿಗಿಲ್ಲ, ಟೊಂಕ ನೆಟ್ಟಗಿದೆ. ಯಂತ್ರ ದಿನವಿಡೀ ಅಂಗೈಯಲ್ಲಿ ನಡುಗುತ್ತದೆ. ರಾತ್ರಿ ಬೆರಳುಗಳು ಬೆಳ್ಳಗಾಗಿ, ಕಚ್ಚಿದರೂ ತಿಳಿಯದಂತೆ ಆಗುತ್ತವಂತೆ. ಅಪ್ಪನ ಬೇನೆಗಿದ್ದಂಥ ಹೆಸರು ಇದಕ್ಕೆ ಆ ಮನೆಯಲ್ಲಿ ಇನ್ನೂ ಸಿಕ್ಕಿಲ್ಲ.